ಮೂರು ನಾಣ್ಯ, ಆರು ಗೆರೆ, ಒಂದೇ ಪ್ರಶ್ನೆ

ಕ್ರಿಕೆಟ್ ಟಾಸ್‌ಗೆ ಒಂದು ನಾಣ್ಯ ಸಾಕು. ಶಕುನ ಕೇಳುವ ಚೀನೀಯರ ಈ ಪದ್ಧತಿಗೆ ಮೂರು ಬೇಕು, ಅದನ್ನೂ ಆರು ಸಲ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೂ ಹೌದು, ಇಲ್ಲ ಎಂಬ ನೇರ ಉತ್ತರ ಸಿಗುವುದಿಲ್ಲ. ಆರು ಗೆರೆಯ ಒಂದು ಚಿತ್ರ ಸಿಗುತ್ತದೆ, ಅದರ ಜೊತೆಗೆ ಸುಮಾರು ಮೂರು ಸಾವಿರ ವರ್ಷ ಹಳೆಯ ಒಂದೆರಡು ಸಾಲು. ಆ ಸಾಲುಗಳಿರುವ ಪುಸ್ತಕದ ಹೆಸರು ಯೀ ಜಿಂಗ್. ಐ ಚಿಂಗ್ ಅಂತಲೂ ಬರೆಯುತ್ತಾರೆ. ಅರ್ಥ, ಬದಲಾವಣೆಯ ಗ್ರಂಥ.

ಶಕುನ ಕೇಳುವುದು ನಮಗೇನೂ ಹೊಸದಲ್ಲ. ಕವಡೆ ಹಾಕುತ್ತೇವೆ, ದೇವರ ಬಲಗಡೆಯಿಂದ ಹೂ ಬೀಳಲಿ ಎಂದು ಕಣ್ಣು ಮಿಟುಕಿಸದೆ ಕಾಯುತ್ತೇವೆ. ಚೀನಾದಲ್ಲೂ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಆದರೆ ಅವರ ಹತ್ತಿರ ಹೋಗಲೇಬೇಕು ಎಂದೇನಿಲ್ಲ. ನಾಣ್ಯ ನಿಮ್ಮದೇ, ಲೆಕ್ಕ ನಿಮ್ಮದೇ, ಅರ್ಥ ಹಚ್ಚುವ ತಲೆನೋವೂ ನಿಮ್ಮದೇ. ಮೊದಲೇ ಹೇಳಿಬಿಡುತ್ತೇನೆ, ನಾಳೆ ಏನಾಗುತ್ತದೆ ಎಂದು ನಾಣ್ಯಕ್ಕೆ ಗೊತ್ತಿರುತ್ತದೆ ಎಂದು ನಾನು ನಂಬುವುದಿಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ಬೇರೆ. ಒಂದೇ ಸಮಸ್ಯೆಯನ್ನು ತಲೆಯಲ್ಲಿ ಗಿರಗಿರ ತಿರುಗಿಸುತ್ತಾ ಕೂತವರನ್ನು ಇದು ಅರ್ಧ ಗಂಟೆ ತಡೆದು ನಿಲ್ಲಿಸುತ್ತದೆ.

ಮೊದಲು ಪ್ರಶ್ನೆ

ನಾಣ್ಯ ಹುಡುಕುವ ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ. ಜಾಸ್ತಿ ಹೊತ್ತು ಹಿಡಿಯುವುದು ಇದೇ. 'ನನಗೆ ಒಳ್ಳೆಯದಾಗುತ್ತದಾ?' ಎಂದು ಕೇಳಿದರೆ ಯಾವ ಉತ್ತರ ಬಂದರೂ ಹೊಂದಿಕೊಳ್ಳುತ್ತದೆ. 'ಬೇಕರಿ ಹಾಕಲಾ, ಕೆಲಸದಲ್ಲೇ ಇರಲಾ?' ಎಂದರೆ ಒಂದರಲ್ಲಿ ಎರಡು ಪ್ರಶ್ನೆ. ಉತ್ತರ ಯಾವುದಕ್ಕೆ ಬಂತು ಎಂದು ತಿಳಿಯುವುದಿಲ್ಲ. 'ಈ ವರ್ಷವೇ ಕೆಲಸ ಬಿಟ್ಟು ಬೇಕರಿ ಶುರು ಮಾಡಿದರೆ ನಾನು ಯಾವುದರ ಬಗ್ಗೆ ಎಚ್ಚರವಾಗಿರಬೇಕು?' ಎಂದು ಕೇಳಿ ನೋಡಿ. ಯಾವಾಗ, ಏನು, ಯಾರು ಎಲ್ಲವೂ ಅದರಲ್ಲಿದೆ. ಎಷ್ಟೋ ಸಲ ಪ್ರಶ್ನೆಯನ್ನು ಹೀಗೆ ತಿದ್ದಿ ತಿದ್ದಿ ಬರೆಯುವಾಗಲೇ ಉತ್ತರ ಹೊಳೆದುಬಿಡುತ್ತದೆ. ಆಗ ನಾಣ್ಯದ ಕೆಲಸವೇ ಇಲ್ಲ, ಎದ್ದು ಕಾಫಿ ಕುಡಿಯಬಹುದು.

ಮೈ ಹುಷಾರಿಲ್ಲದ ವಿಷಯ, ಕೋರ್ಟು ಕೇಸು, ಬೇರೆಯವರ ದುಡ್ಡು, ಇವನ್ನು ಇಲ್ಲಿಗೆ ತರಬೇಡಿ. ಡಾಕ್ಟರು, ವಕೀಲರು ಇದ್ದಾರೆ.

ನಾಣ್ಯ, ಲೆಕ್ಕ

ಒಂದೇ ಥರದ ಮೂರು ನಾಣ್ಯ ಸಾಕು. ಚೀನಾದ ಹಳೆಯ ನಾಣ್ಯಗಳು ದುಂಡಗಿದ್ದು ನಡುವೆ ಚೌಕದ ತೂತು ಇರುತ್ತದೆ. ಒಂದು ಬದಿಯಲ್ಲಿ ನಾಲ್ಕು ಚೀನೀ ಅಕ್ಷರ. ಆ ಬದಿಗೆ 2, ಹಿಂಬದಿಗೆ 3 ಎಂದು ಲೆಕ್ಕ. ಅವು ಸಿಗದಿದ್ದರೆ ನಮ್ಮ ರೂಪಾಯಿಯೇ ಆದೀತು. ಸಿಂಹ ಇರುವ ಬದಿ 3, ಬೆಲೆ ಇರುವ ಬದಿ 2 ಎಂದಿಟ್ಟುಕೊಳ್ಳಿ. ಮೊದಲೇ ತೀರ್ಮಾನಿಸಿ, ನಡುವೆ ಬದಲಿಸಬೇಡಿ, ಅಷ್ಟೇ.

ಮೂರನ್ನೂ ಅಂಗೈಗಳ ನಡುವೆ ಕುಲುಕಿ ಚಾಪೆಯ ಮೇಲೋ ಬಟ್ಟೆಯ ಮೇಲೋ ಬಿಡಿ. ಬಂದದ್ದನ್ನು ಕೂಡಿಸಿ. ಮೊತ್ತ 6, 7, 8, 9 ಈ ನಾಲ್ಕರಲ್ಲಿ ಒಂದಾಗಿರುತ್ತದೆ. 7 ಮತ್ತು 9 ಬೆಸ ಸಂಖ್ಯೆ, ಅವಕ್ಕೆ ಇಡೀ ಗೆರೆ ಎಳೆಯಿರಿ. ಇದು ಯಾಂಗ್. 6 ಮತ್ತು 8 ಸಮ ಸಂಖ್ಯೆ, ಅವಕ್ಕೆ ನಡುವೆ ಮುರಿದ ಗೆರೆ. ಇದು ಯಿನ್. ಹೊಸಬರು ಎಡವುವುದು ಇಲ್ಲೇ. ಎರಡು ಸಿಂಹ, ಒಂದು ಬೆಲೆ ಬಿದ್ದರೆ 'ಸಿಂಹ ಜಾಸ್ತಿ ಇದೆಯಲ್ಲ' ಎಂದು ಇಡೀ ಗೆರೆ ಎಳೆದುಬಿಡುತ್ತಾರೆ. ಅದು 3+3+2, ಅಂದರೆ 8, ಮುರಿದ ಗೆರೆ.

6 ಮತ್ತು 9 ಬಂದರೆ ಪಕ್ಕದಲ್ಲಿ ಒಂದು ಗುರುತು ಹಾಕಿ. ಮೂರೂ ನಾಣ್ಯ ಒಂದೇ ಬದಿಗೆ ಬಿದ್ದಾಗ ಮಾತ್ರ ಇವು ಬರುತ್ತವೆ. ಚೀನೀಯರು ಇವನ್ನು ಮುದಿ ಯಿನ್, ಮುದಿ ಯಾಂಗ್ ಎನ್ನುತ್ತಾರೆ. ನಾನು ಮಾಗಿದ ಗೆರೆ ಅಂತೀನಿ. ಮಾಗಿದ್ದು ಉದುರಲೇಬೇಕಲ್ವಾ? ಈ ಗೆರೆಗಳೂ ಹಾಗೇ, ತಮ್ಮ ವಿರುದ್ಧಕ್ಕೆ ಬದಲಾಗುತ್ತವೆ.

ಹೀಗೆ ಆರು ಸಲ. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮನೆ ಕಟ್ಟುವಾಗ ತಳಪಾಯದಿಂದ ಶುರು ಮಾಡುವ ಹಾಗೆ. ಅಭ್ಯಾಸಬಲದಿಂದ ಮೇಲಿನಿಂದ ಬರೆದರೆ ಚಿತ್ರ ತಲೆಕೆಳಗಾಗುತ್ತದೆ. ತಲೆಕೆಳಗಾದರೆ ಏನಾಗುತ್ತದೆ ಎನ್ನುವುದಕ್ಕೆ ಮುಂದೆ ಒಂದು ಉದಾಹರಣೆ ಇದೆ.

ಚಿತ್ರ ಗುರುತಿಸುವುದು

ಆರು ಗೆರೆಯನ್ನು ಕೆಳಗೆ ಮೂರು, ಮೇಲೆ ಮೂರು ಎಂದು ಭಾಗ ಮಾಡಿ. ಮೂರು ಗೆರೆಯಲ್ಲಿ ಎಂಟೇ ಬಗೆ ಸಾಧ್ಯ. ಮೂರೂ ಇಡಿಯಾಗಿದ್ದರೆ ಆಕಾಶ, ಮೂರೂ ಮುರಿದಿದ್ದರೆ ಭೂಮಿ. ತಳದ ಗೆರೆ ಮಾತ್ರ ಇಡಿಯಾಗಿದ್ದರೆ ಗುಡುಗು, ನಡುವಿನದು ಮಾತ್ರ ಇಡಿಯಾದರೆ ನೀರು, ಮೇಲಿನದು ಮಾತ್ರ ಇಡಿಯಾದರೆ ಬೆಟ್ಟ. ಇದರ ಉಲ್ಟಾ ನೋಡಿ. ತಳದ್ದು ಮಾತ್ರ ಮುರಿದಿದ್ದರೆ ಗಾಳಿ, ನಡುವಿನದು ಮುರಿದರೆ ಬೆಂಕಿ, ಮೇಲಿನದು ಮುರಿದರೆ ಕೆರೆ. ದಕ್ಷಿಣ ಕೊರಿಯಾದ ಬಾವುಟ ಕಂಡವರು ಇವುಗಳಲ್ಲಿ ನಾಲ್ಕನ್ನು ಆಗಲೇ ನೋಡಿದ್ದೀರಿ. ಆಕಾಶ, ಭೂಮಿ, ನೀರು, ಬೆಂಕಿ ಅದರ ನಾಲ್ಕು ಮೂಲೆಯಲ್ಲಿವೆ.

ಎಂಟರ ಮೇಲೆ ಎಂಟು, ಒಟ್ಟು 64 ಚಿತ್ರ. ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ, ಒಂದು ಹೆಸರು, ಒಂದು ಮುಖ್ಯ ವಾಕ್ಯ, ಗೆರೆಗೊಂದರಂತೆ ಆರು ವಾಕ್ಯ. ಬಹುತೇಕ ಎಲ್ಲ ಅನುವಾದಗಳಲ್ಲೂ ಸಂಖ್ಯೆ ಹುಡುಕಲು ಒಂದು ಕೋಷ್ಟಕ ಇರುತ್ತದೆ. ಇಂಗ್ಲಿಷ್ ಓದುವವರಿಗೆ ಜೇಮ್ಸ್ ಲೆಗ್ 1882ರಲ್ಲಿ ಮಾಡಿದ ಅನುವಾದ ಇದೆ, ಸ್ವಲ್ಪ ಒಣಕಲು. ರಿಚರ್ಡ್ ವಿಲ್ಹೆಲ್ಮ್ 1924ರಲ್ಲಿ ಜರ್ಮನ್‌ಗೆ ತಂದದ್ದು 1950ರಲ್ಲಿ ಇಂಗ್ಲಿಷ್‌ಗೂ ಬಂತು. ಅದಕ್ಕೆ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಮುನ್ನುಡಿ ಇದೆ. ನನ್ನ ಓಟು ಎರಡನೆಯದಕ್ಕೆ.

ಈಗ ಬೇಕರಿ ಪ್ರಶ್ನೆಗೆ ಬರೋಣ. ಆರು ಸಲ ಹಾಕಿದಾಗ 7, 7, 9, 8, 7, 8 ಬಂತು ಎಂದುಕೊಳ್ಳಿ. ಕೆಳಗಿನ ಮೂರೂ ಇಡೀ ಗೆರೆ, ಆಕಾಶ. ಮೇಲೆ ಮುರಿದದ್ದು, ಇಡೀ, ಮುರಿದದ್ದು, ಅಂದರೆ ನೀರು. ಆಕಾಶದ ಮೇಲೆ ನೀರು, ಇದು 5ನೇ ಚಿತ್ರ. ಹೆಸರು 'ಕಾಯುವುದು'. ಇದನ್ನೇ ಮೇಲಿನಿಂದ ಕೆಳಕ್ಕೆ ಬರೆದಿದ್ದರೆ 6ನೇ ಚಿತ್ರ ಸಿಗುತ್ತಿತ್ತು. ಅದರ ಹೆಸರು 'ವ್ಯಾಜ್ಯ'! ಕಾಯಬೇಕಾದವರು ಜಗಳಕ್ಕೆ ಹೊರಟುಬಿಡುತ್ತಿದ್ದಿರಿ.

'ಕಾಯುವುದು' ಚಿತ್ರದ ವಿವರಣೆ ನಮ್ಮ ಮೇ ತಿಂಗಳ ಕೊನೆಯ ವಾರದಂತಿದೆ. ಮೋಡ ಆಕಾಶಕ್ಕೇರಿದೆ, ಮಳೆ ಇನ್ನೂ ಬಿದ್ದಿಲ್ಲ. ಅಂಥ ಹೊತ್ತಿನಲ್ಲಿ ತಿಳಿದವರು ಏನು ಮಾಡುತ್ತಾರೆ? ಉಂಡು, ಕುಡಿದು, ಖುಷಿಯಾಗಿರುತ್ತಾರೆ ಎನ್ನುತ್ತದೆ ಪುಸ್ತಕ. ಮುಖ್ಯ ವಾಕ್ಯದಲ್ಲಿ ನಂಬಿಕೆ ಗಟ್ಟಿಯಾಗಿದ್ದರೆ ದೊಡ್ಡ ಹೊಳೆ ದಾಟುವುದು ಒಳ್ಳೆಯದು ಎಂಬ ಮಾತೂ ಇದೆ. ಅಂದರೆ ಬೇಡ ಎಂದಿಲ್ಲ, ಈಗಲೇ ಎಂದೂ ಇಲ್ಲ.

ಮೂರನೇ ಗೆರೆ 9, ಮಾಗಿದ್ದು. ಅದರ ವಾಕ್ಯವನ್ನು ಓದಲೇಬೇಕು. 'ಕೆಸರಿನಲ್ಲಿ ಕಾಯುತ್ತಿದ್ದೀರಿ, ಕಳ್ಳರು ಬರುವಂತೆ ಮಾಡಿಕೊಳ್ಳುತ್ತೀರಿ' ಎಂಬಂಥ ಮಾತು ಅದು. ಅಡ್ವಾನ್ಸ್ ಕೊಟ್ಟು ಅಂಗಡಿ ಹಿಡಿದು, ಇತ್ತ ಕೆಲಸವನ್ನೂ ಬಿಡದೆ, ಅರ್ಧ ಇಳಿದು ನಿಂತವರಿಗೆ ಈ ಸಾಲು ಚುರುಕ್ ಎನ್ನುತ್ತದೆ. ಇನ್ನೂ ದುಡ್ಡು ಹಾಕಿಲ್ಲದವರಿಗೆ ಬೇರೆ ಥರ ಕೇಳಿಸುತ್ತದೆ. ನಿಮ್ಮ ಕೆಸರು ಯಾವುದು ಎಂದು ಪುಸ್ತಕ ಹೇಳುವುದಿಲ್ಲ. ಅದನ್ನು ನೀವೇ ಬರೆಯಬೇಕು.

ಆಮೇಲೆ ಆ ಗೆರೆಯನ್ನು ಮುರಿದು ಚಿತ್ರವನ್ನು ಮತ್ತೆ ಬರೆಯಿರಿ. ಕೆಳಗಿನ ಆಕಾಶ ಕೆರೆಯಾಯಿತು, ಮೇಲೆ ನೀರು ಹಾಗೇ ಉಳಿಯಿತು. ಇದು 60ನೇ ಚಿತ್ರ, 'ಮಿತಿ'. ಪರಿಸ್ಥಿತಿ ಯಾವ ಕಡೆ ಹೊರಳುತ್ತಿದೆ ಎನ್ನುವುದಕ್ಕೆ ಇದನ್ನು ಓದುತ್ತಾರೆ. ಮಿತಿ ಒಳ್ಳೆಯದೇ, ಆದರೆ ಕಹಿಯಾಗುವಷ್ಟು ಬಿಗಿದರೆ ಅದನ್ನು ಹಿಡಿದು ಕೂರಬಾರದು ಎಂಬುದು ಅಲ್ಲಿಯ ಮಾತು. ಬೇಕರಿಗೆ ಎಷ್ಟು ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಒಂದು ಅಂಕಿ ಬರೆದಿಡಲು ಇದು ಒಳ್ಳೆ ನೆಪ.

ಮಾಗಿದ ಗೆರೆ ಒಂದಕ್ಕಿಂತ ಹೆಚ್ಚು ಬಂದರೆ? 12ನೇ ಶತಮಾನದ ಪಂಡಿತ ಝೂ ಶೀ ಇದಕ್ಕೆ ನಿಯಮ ಮಾಡಿಟ್ಟಿದ್ದಾನೆ. ಎರಡು ಬಂದರೆ ಎರಡನ್ನೂ ಓದಿ, ಮೇಲಿನದಕ್ಕೆ ಹೆಚ್ಚು ತೂಕ ಕೊಡಿ. ಮೂರು ಬಂದರೆ ಗೆರೆಗಳನ್ನು ಬಿಟ್ಟು ಎರಡೂ ಚಿತ್ರದ ಮುಖ್ಯ ವಾಕ್ಯ ಓದಿ. ಅದಕ್ಕೂ ಜಾಸ್ತಿ ಬಂದರೆ ನೋಟ ಎರಡನೇ ಚಿತ್ರದ ಕಡೆ ವಾಲುತ್ತದೆ. ಒಂದೂ ಬಾರದಿದ್ದರೆ ಮೊದಲ ಚಿತ್ರದ ಮುಖ್ಯ ವಾಕ್ಯವಷ್ಟೇ. ಲೆಕ್ಕದ ಪ್ರಕಾರ ನೂರಕ್ಕೆ ಸುಮಾರು 18 ಸಲ ಹೀಗಾಗುತ್ತದೆ.

ನಾಣ್ಯಕ್ಕಿಂತ ಮೊದಲು

ಚೀನಾದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ, ಶಾಂಗ್ ರಾಜರ ಕಾಲದಲ್ಲಿ ಆಮೆಯ ಚಿಪ್ಪು, ದನದ ಹೆಗಲ ಮೂಳೆಗೆ ಕಾವು ಕೊಟ್ಟು, ಅದು ಬಿರುಕು ಬಿಟ್ಟ ರೀತಿ ನೋಡಿ ಶಕುನ ಹೇಳುತ್ತಿದ್ದರು. ಅವರ ನಂತರ ಬಂದ ಝೋವ್ ಮನೆತನದ ಕಾಲಕ್ಕೆ ಒಂದು ಗಿಡದ ಒಣ ಕಡ್ಡಿಗಳ ಪದ್ಧತಿ ಮುಂದೆ ಬಂತು. 50 ಕಡ್ಡಿ ತೆಗೆದುಕೊಂಡು, ಒಂದನ್ನು ಬದಿಗಿಟ್ಟು, ಉಳಿದ 49ನ್ನು ಮತ್ತೆ ಮತ್ತೆ ಭಾಗ ಮಾಡಿ ಎಣಿಸಬೇಕು. ಒಂದು ಗೆರೆಗೆ ಮೂರು ಸುತ್ತು. ಇಷ್ಟು ತಾಳ್ಮೆ ಯಾರಿಗಿದೆ? ತಾಂಗ್ ಮನೆತನದ ಕಾಲಕ್ಕೆ, ಅಂದರೆ 7ನೇ ಶತಮಾನದ ಹೊತ್ತಿಗೆ, ನಾಣ್ಯ ಬಳಕೆಗೆ ಬಂದಿತ್ತು. ಆದರೆ ಎರಡೂ ಒಂದೇ ಅಲ್ಲ. ನಾಣ್ಯದಲ್ಲಿ 6 ಮತ್ತು 9 ಬರುವ ಸಾಧ್ಯತೆ ಸಮಸಮ, ಎಂಟರಲ್ಲಿ ಒಂದು. ಕಡ್ಡಿಯಲ್ಲಿ 9 ಬರುವುದು 16ರಲ್ಲಿ 3 ಸಲ, 6 ಬರುವುದು 16ರಲ್ಲಿ ಒಂದೇ ಸಲ. ಹಾಗಾಗಿ ಕಡ್ಡಿ ಪದ್ಧತಿಯೇ ಸರಿ ಎಂದು ಹಟ ಹಿಡಿಯುವವರು ಈಗಲೂ ಇದ್ದಾರೆ.

ಕ್ರಿ.ಪೂ. 213ರಲ್ಲಿ ಚಿನ್ ಚಕ್ರವರ್ತಿ ಪುಸ್ತಕಗಳನ್ನು ಸುಡಿಸಿದಾಗ ವೈದ್ಯ, ಬೇಸಾಯ, ಶಕುನದ ಪುಸ್ತಕಗಳಿಗೆ ವಿನಾಯಿತಿ ಇತ್ತು. ಈ ಪುಸ್ತಕ ಬದುಕಿದ್ದು ಆ ಲೆಕ್ಕದಲ್ಲೇ. 1973ರಲ್ಲಿ ಚೀನಾದ ಮಾವಾಂಗ್‌ದ್ವೇ ಎಂಬಲ್ಲಿ ಕ್ರಿ.ಪೂ. 168ರ ಸಮಾಧಿಯೊಂದನ್ನು ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬರೆದ ಪ್ರತಿ ಸಿಕ್ಕಿತು. ಅದರಲ್ಲಿ 64 ಚಿತ್ರಗಳ ಕ್ರಮವೇ ಬೇರೆ!

ಮತ್ತೆ ಹಾಕಬೇಡಿ

ಉತ್ತರ ಹಿಡಿಸದಿದ್ದರೆ ಕೈ ತಾನಾಗೇ ನಾಣ್ಯದ ಕಡೆ ಹೋಗುತ್ತದೆ. ನಾನೂ ಒಮ್ಮೆ ಒಂದೇ ಪ್ರಶ್ನೆಗೆ ಮೂರು ಸಲ ಹಾಕಿ, ಮೂರನೆಯದೇ ನಿಜವಾದ ಉತ್ತರ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಪುಸ್ತಕಕ್ಕೆ ಈ ಚಾಳಿ ಚೆನ್ನಾಗಿ ಗೊತ್ತು. 4ನೇ ಚಿತ್ರದಲ್ಲಿ ಅದು ಮೇಷ್ಟರ ಥರ ಗದರುತ್ತದೆ: ಮೊದಲ ಸಲ ಕೇಳಿದರೆ ಹೇಳುತ್ತೇನೆ, ಎರಡು ಮೂರು ಸಲ ಕೇಳಿದರೆ ಅದು ತಲೆಹರಟೆ, ತಲೆಹರಟೆಗೆ ಉತ್ತರ ಇಲ್ಲ. ಎರಡನೇ ಸಲ ಹಾಕುವ ಆಸೆ ಬಂದರೆ, ಯಾವ ಉತ್ತರ ಬರಲಿ ಎಂದು ಹಾಕುತ್ತಿದ್ದೀರಿ ಅನ್ನುವುದನ್ನು ಆ ಕಾಗದದಲ್ಲೇ ಬರೆದುಬಿಡಿ. ನನ್ನ ಅನುಭವದಲ್ಲಿ, ಬಂದ ಚಿತ್ರಕ್ಕಿಂತ ಆ ಒಂದು ಸಾಲೇ ಹೆಚ್ಚು ಕೆಲಸಕ್ಕೆ ಬಂದಿದೆ.

ತಾರೀಖು, ಪ್ರಶ್ನೆ, ಆರು ಸಂಖ್ಯೆ, ಎರಡು ಚಿತ್ರ, ನಿಮಗೆ ಅನ್ನಿಸಿದ್ದು, ಇಷ್ಟನ್ನೂ ಒಂದೇ ಪುಟದಲ್ಲಿ ಬರೆದಿಡಿ. ಪುಟದ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ಆರು ತಿಂಗಳಾದ ಮೇಲೆ ಆಗಿದ್ದೇನು ಎಂದು ಬರೆಯಲು ಬೇಕಾಗುತ್ತದೆ.