ಫಾರಂ ಚೀಲದಲ್ಲೇ ಉಳಿದ ದಿನ

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಅಮೆರಿಕದಲ್ಲಿ ಮತ್ತೆ ಪರೀಕ್ಷೆ ಬರೆದು ವಾಕ್ ಚಿಕಿತ್ಸಕಿಯ ಪರವಾನಗಿ ಪಡೆದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ. ಲೆಟಿಸ್ ಮತ್ತು ಸ್ಟ್ರಾಬೆರಿ ಹೊಲಗಳ ಆ ಸೀಮೆಯಲ್ಲಿ ನಾನು ಹೋಗುವ ಮನೆಗಳ ಪೈಕಿ ಬಹುಪಾಲು ಮೆಕ್ಸಿಕೊ ಮೂಲದ ಲ್ಯಾಟಿನೊ ಕೃಷಿ ಕಾರ್ಮಿಕರವು. ಮೂರು ವರ್ಷ ತುಂಬದ, ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗೆ ಮನೆಯಲ್ಲೇ ನೆರವು ನೀಡುವ 'ಅರ್ಲಿ ಸ್ಟಾರ್ಟ್' ಯೋಜನೆಯಡಿ, ಮಗುವಿನ ಹೆಸರು ನಮಗೆ ಬಂದ 45 ದಿನಗಳೊಳಗೆ ಪರೀಕ್ಷೆ ಮುಗಿಸಿ, ಕುಟುಂಬದೊಡನೆ ಕುಳಿತು ಸೇವಾ ಯೋಜನೆಯನ್ನು ಬರೆಯಬೇಕೆಂಬುದು ಕಾನೂನು. ಮೊದಲ ವರ್ಷವೆಲ್ಲ ನಾನು ಆ 45 ದಿನಗಳ ಆಳಾಗಿದ್ದೆ.

ಒಂದು ವರ್ಷ ಹತ್ತು ತಿಂಗಳಾದರೂ ಮಾತೇ ಬಾರದ ಒಂದು ಹೆಣ್ಣು ಮಗುವಿನ ಮನೆಗೆ ಹೋದವಳು, ಸೋಫಾದ ಮೇಲೆ ಕೂರುತ್ತಿದ್ದಂತೆಯೇ ಫಾರಂ ತೆರೆದು, ಬಸಿರಿನಲ್ಲಿದ್ದಾಗಿನ ಕಾಯಿಲೆಗಳಿಂದ ಹಿಡಿದು ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂಬಲ್ಲಿಯವರೆಗೆ ಒಂದೇ ಉಸಿರಿಗೆ ಕೇಳಿದೆ. ತಾಯಿ ಎಲ್ಲದಕ್ಕೂ 'ಸೀ, ಸೀ', ಅಂದರೆ ಹೌದು ಹೌದು, ಎಂದು ತಲೆಯಾಡಿಸಿದರು. ಎಲ್ಲದಕ್ಕೂ ಒಪ್ಪಿದರಲ್ಲ ಎಂದು ನಾನು ಹಿಗ್ಗಿನಿಂದ ಕಚೇರಿಗೆ ಮರಳಿದೆ. ಮುಂದಿನ ವಾರ ಆ ಮನೆಯ ಬಾಗಿಲು ತೆರೆಯಲಿಲ್ಲ. ಕಿಟಕಿಯ ಪರದೆ ಮಾತ್ರ ಸ್ವಲ್ಪ ಅಲುಗಿತು.

ನಮ್ಮೊಡನೆ ಕೆಲಸ ಮಾಡುತ್ತಿದ್ದ ಒಬ್ಬ ಪ್ರೊಮೊತೋರಾ ನನಗೆ ವಿಷಯವನ್ನು ಬಿಡಿಸಿ ಹೇಳಿದರು. ಪ್ರೊಮೊತೋರಾ ಎಂದರೆ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ, ಆ ಸಮುದಾಯದಿಂದಲೇ ಬಂದ ಆರೋಗ್ಯ ಸಹಾಯಕಿ. "ನೀವು ಅವರ ಮನೆಯ ಲೆಕ್ಕವನ್ನೆಲ್ಲ ಕೇಳಿದಿರಿ, ನೀವು ಯಾರ ಮಗಳೆಂದು ಅವರಿಗೆ ಹೇಳಿದಿರಾ?" ಎಂದರು. ಎದುರಿಗಿರುವ ಹಿರಿಯರಿಗೋ ಅಧಿಕಾರಿಗೋ ಮುಖದ ಮೇಲೆ ಇಲ್ಲವೆನ್ನಬಾರದೆಂಬ ಮರ್ಯಾದೆಯಿಂದ ಬಂದ 'ಸೀ'ಯನ್ನು ನಾನು ಒಪ್ಪಿಗೆಯೆಂದು ಬರೆದುಕೊಂಡಿದ್ದೆ. ಮನೆಯಲ್ಲಿರುವವರ ತಲೆ ಎಣಿಸುವ ಪ್ರಶ್ನೆ ಅವರ ಕಿವಿಗೆ ವಲಸೆ ಅಧಿಕಾರಿಗಳ ವಿಚಾರಣೆಯಂತೆ ಕೇಳಿಸಿತ್ತು. ಸರ್ಕಾರದ ಕೆಲವು ನೆರವುಗಳನ್ನು ಪಡೆದವರಿಗೆ ಗ್ರೀನ್ ಕಾರ್ಡ್ ನಿರಾಕರಿಸಲು ದಾರಿ ಮಾಡಿಕೊಡುವಂತೆ 'ಪಬ್ಲಿಕ್ ಚಾರ್ಜ್' ನಿಯಮವನ್ನು 2019ರಲ್ಲಿ ಬಿಗಿಗೊಳಿಸಲಾಗಿತ್ತು. 2021ರಲ್ಲಿ ಅದನ್ನು ಕೈಬಿಟ್ಟ ಮೇಲೂ ಅದು ಹುಟ್ಟಿಸಿದ ಅಂಜಿಕೆ ಆ ಬೀದಿಗಳಿಂದ ಹೋಗಿರಲಿಲ್ಲ. ನಮ್ಮ ಸೇವೆಗೆ ವಲಸೆ ದಾಖಲೆ ಬೇಕಿಲ್ಲವೆಂಬುದನ್ನು ನಾನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ.

ಮುಂದಿನ ಸಲ ಆ ಪ್ರೊಮೊತೋರಾ ಅವರನ್ನೂ ಕರೆದುಕೊಂಡು ಸಂಜೆ ಐದರ ನಂತರ ಹೋದೆ, ಏಕೆಂದರೆ ಮಗುವಿನ ತಾಯಿ ಬೆಳಗಾಗುವ ಮೊದಲೇ ಹೊಲಕ್ಕೆ ಹೋಗುವವರು. ಫಾರಂ ಚೀಲದಲ್ಲೇ ಉಳಿಯಿತು. ಮೊದಲ ಭೇಟಿಯಲ್ಲಿ ನಾನು ಅಷ್ಟಾಗಿ ಲೆಕ್ಕಕ್ಕಿಡದ ಅಜ್ಜಿ, ತಾಯಿಯ ತಾಯಿ, ಆ ಮನೆಯ ತೀರ್ಮಾನಗಳ ಒಡತಿಯೆಂದು ಆ ಸಂಜೆ ತಿಳಿಯಿತು. ಸ್ಪ್ಯಾನಿಷ್‌ನಲ್ಲಿ 'ಉಸ್ತೆದ್' ಎಂದರೆ ನೀವು, 'ತೂ' ಎಂದರೆ ನೀನು. ಕನ್ನಡತಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಿರಲಿಲ್ಲ, ಆದರೂ ಫೋನಿನ ಆ್ಯಪ್ ನೋಡಿ ಭಾಷೆ ಕಲಿತಿದ್ದ ನಾನು ಅರವತ್ತು ದಾಟಿದ ಆ ಹಿರಿಯರನ್ನು ಏಕವಚನದಲ್ಲಿ ಮಾತನಾಡಿಸಿ ಬಂದಿದ್ದೆ. ಕ್ಷಮೆ ಕೇಳಿದಾಗ ಅವರು ನಕ್ಕು, ನನ್ನ ತಾಯಿ ಎಲ್ಲಿದ್ದಾರೆಂದು ಕೇಳಿದರು. ಹಾಸನದಲ್ಲಿರುವ ಅಮ್ಮನ ಮಂಡಿನೋವಿನ ಬಗ್ಗೆ ಅರ್ಧ ಗಂಟೆ ಮಾತಾಯಿತು. ತಮಾಲೆ ತಿನ್ನಿರೆಂದು ತಟ್ಟೆ ಮುಂದಿಟ್ಟಾಗ, ಅದರಲ್ಲಿ ಹಂದಿಯ ಕೊಬ್ಬಿರುವುದರಿಂದ ಸಸ್ಯಾಹಾರಿಯಾದ ನಾನು ಸಂಕೋಚದಿಂದ ಕಾರಣ ಹೇಳಿದೆ. ಆಗ ಅವರು ಕೊಟ್ಟ ಕೆಂಪು ಪಾನಕ, 'ಹಮೈಕಾ', ನಮ್ಮ ಪುಂಡಿಯ ಬಳಗಕ್ಕೇ ಸೇರಿದ ಗಿಡದ ಹೂಬಟ್ಟಲಿನಿಂದ ಮಾಡಿದ್ದು. ಕುಟುಂಬಗಳಿಂದ ಏನನ್ನೂ ಸ್ವೀಕರಿಸಬಾರದೆಂದು ಕಚೇರಿಯ ನಿಯಮವಿದೆ. ಒಂದು ಲೋಟ ಪಾನಕಕ್ಕೂ ಅದನ್ನು ಅನ್ವಯಿಸುವುದು ಅವಿವೇಕವೆಂದು ನನ್ನ ಮೇಲಧಿಕಾರಿಗೆ ನಾನೇ ಹೇಳಿದೆ.

ಮಗುವಿನ ಮಣಿಕಟ್ಟಿನಲ್ಲಿ ಕೆಂಪು ದಾರವಿತ್ತು. ಎಷ್ಟು ಚೆಂದದ ಕಣ್ಣು ಎಂದು ನಾನು ಹೊಗಳಿದೊಡನೆ ಅಜ್ಜಿಯ ಮುಖ ಬಿಗಿಯಿತು, ಮಗುವಿನ ತಲೆಯನ್ನು ಮುಟ್ಟಿರೆಂದರು. ಹೊಗಳಿಯೂ ಮುಟ್ಟದೆ ಹೋದರೆ 'ಮಾಲ್ ದೆ ಓಹೊ' ತಗಲುತ್ತದೆಂಬುದು ಅವರ ನಂಬಿಕೆ. ದೃಷ್ಟಿಬೊಟ್ಟಿನ ನಾಡಿನಿಂದ ಬಂದವಳಿಗೆ ದೃಷ್ಟಿ ಹೊಸದಲ್ಲ, ಮುಟ್ಟಿದರೆ ಅದು ಕಳೆಯುತ್ತದೆ ಎಂಬುದು ಹೊಸದು. ಮುಟ್ಟಿದೆ.

ಎರಡು ಭಾಷೆ ಕೇಳಿದರೆ ಮಗು ಗೊಂದಲಕ್ಕೆ ಬೀಳುತ್ತದೆ, ಇಂಗ್ಲಿಷನ್ನೇ ಆಡಿ ಎಂದು ಯಾರೋ ಆ ತಾಯಿಗೆ ಸಲಹೆ ಕೊಟ್ಟಿದ್ದರು. ಎರಡು ಭಾಷೆಗಳಿಂದ ಮಾತು ತಡವಾಗುವುದಿಲ್ಲ. ತನಗೆ ಬಾರದ ಭಾಷೆಯಲ್ಲಿ ತಾಯಿ ಮಗುವಿನೊಡನೆ ಆಡಲು ಹೊರಟರೆ ಮನೆಯೊಳಗಿನ ಮಾತೇ ಕಡಿಮೆಯಾಗುತ್ತದೆ. ಹಾಗಾಗಿ ನಾನು ಆಟಿಕೆಗಳ ಚೀಲವನ್ನು ಕಾರಿನಲ್ಲೇ ಬಿಟ್ಟು, ಅಜ್ಜಿ ತೊರ್ತಿಯಾ ರೊಟ್ಟಿ ಒತ್ತುವ ಹೊತ್ತಿಗೆ ಹೋಗತೊಡಗಿದೆ. ಅವರು ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಕೈಯಲ್ಲಿ ಹಿಡಿದು, ಮಗು ತಮ್ಮ ಮುಖ ನೋಡುವ ತನಕ ಕಾಯಬೇಕು, ಆಮೇಲೆ 'ಮಾಸ್?', ಅಂದರೆ ಇನ್ನೂ ಬೇಕೇ, ಎಂದು ಕೇಳಿ ಉಂಡೆಯನ್ನು ಅವಳ ಕೈಗೆ ಕೊಡಬೇಕು. ಅಷ್ಟೇ ನನ್ನ ಚಿಕಿತ್ಸೆ. ಏಳನೆಯ ವಾರ ಉಂಡೆ ಸ್ವಲ್ಪ ತಡವಾಗಿದ್ದಕ್ಕೆ ಮಗು ಅಜ್ಜಿಯ ಮೊಣಕೈ ಎಳೆದು 'ಮಾ' ಎಂದಳು. ಅಜ್ಜಿ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಹೊಲದಲ್ಲಿದ್ದ ಮಗಳಿಗೆ ಸುದ್ದಿ ಮುಟ್ಟಿಸಿದರು.

ಈ ಗೆಲುವಿನಿಂದ ಲ್ಯಾಟಿನೊ ಮನೆಗಳೆಲ್ಲ ನನಗೆ ಅರ್ಥವಾದವೆಂದು ಬೀಗಿದ್ದೂ ಉಂಟು. ಮೆಕ್ಸಿಕೊದ ಓಹಾಕಾದಿಂದ ಬಂದ ಇನ್ನೊಂದು ಕುಟುಂಬದ ತಂದೆತಾಯಿಗಳು ನನ್ನ ಸ್ಪ್ಯಾನಿಷ್‌ಗೆ ಮೌನವಾಗಿರುವುದನ್ನು ಕಂಡು ನಾಚಿಕೆಯ ಜನವೆಂದುಕೊಂಡಿದ್ದೆ. ಅವರ ತಾಯ್ನುಡಿ ಅಲ್ಲಿನ ಮೂಲನಿವಾಸಿಗಳ ಭಾಷೆಯಾದ ಮಿಸ್ತೆಕೊ, ಸ್ಪ್ಯಾನಿಷ್ ಅವರಿಗೂ ಅರೆಬರೆ. ಹತ್ತು ವರ್ಷದ ಮಗಳೇ ದುಭಾಷಿಯಾಗಿದ್ದಳು. ಅವಳ ತಮ್ಮನಲ್ಲಿ ಆಟಿಸಂನ ಲಕ್ಷಣಗಳಿವೆಯೆಂದು ನಾನು ಹೇಳಿದ್ದನ್ನು ಅವಳು ತಂದೆಗೆ ದಾಟಿಸಲೇ ಇಲ್ಲ, ಎಲ್ಲ ಸರಿಯಿದೆ ಎಂದಳು. ಅಂಥ ಮಾತನ್ನು ಆ ಹುಡುಗಿಯ ಹೆಗಲಿಗೆ ಹೊರಿಸಿದ್ದು ನನ್ನದೇ ತಪ್ಪು. ಅಂದಿನಿಂದ ಮಿಸ್ತೆಕೊ ಬಲ್ಲವರೊಬ್ಬರು, ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ತರುವವರೊಬ್ಬರು, ಹೀಗೆ ಎರಡು ಮೆಟ್ಟಿಲ ಅನುವಾದಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳುತ್ತೇನೆ. ಒಂದು ಗಂಟೆಯ ಕೆಲಸ ಎರಡೂವರೆ ಗಂಟೆಯಾಗುತ್ತದೆ.

ಅದೇ ಕುಟುಂಬ ನವೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಕಾಣೆಯಾದಾಗ, ಮೂರು ಭೇಟಿ ತಪ್ಪಿದವೆಂದು ಕಚೇರಿ ಕಡತವನ್ನು ಮುಚ್ಚಿತ್ತು. ಚಳಿಗಾಲದಲ್ಲಿ ಲೆಟಿಸ್ ಬೆಳೆ ಅರಿಝೋನಾದ ಯೂಮಾ ಕಡೆಗೆ ಹೋಗುತ್ತದೆ, ಕೊಯ್ಯುವ ಕೈಗಳೂ ಅದರ ಹಿಂದೆಯೇ ಹೋಗುತ್ತವೆ. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ಕಡತವನ್ನು ಮತ್ತೆ ತೆರೆಸಿದೆ. ಈ ಸಲ ಅಕ್ಟೋಬರ್ ಕೊನೆಯಲ್ಲಿ ಆ ತಂದೆಯೇ ನನಗೆ ಕರೆ ಮಾಡಿ, ಮುಂದಿನ ವಾರ ಹೊರಡುತ್ತಿದ್ದೇವೆ, ಅಲ್ಲಿ ಹುಡುಗನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು.