ನೋಡಿದೆವು, ಆದರೆ ಕಾಣಲಿಲ್ಲ: ‘ಸೀ’, ‘ಲುಕ್’, ‘ವಾಚ್’ ಬೇರೆ ಮಾಡುವುದು ಹೇಗೆ?

ಮಳೆಗಾಲದಲ್ಲಿ ಜೋಗಕ್ಕೆ ಹೋದವರಿಗೆ ಈ ಪಾಡು ಗೊತ್ತು. ಸಾಗರದಿಂದ ಸುಮಾರು 30 ಕಿಲೋಮೀಟರ್ ಬಂದು, ಕೊಡೆ ಹಿಡಿದು ಕಂಬಿಯ ಹತ್ತಿರ ನಿಂತರೆ ಎದುರಿಗೆ ಬರೀ ಬಿಳಿ ಮಂಜು. 253 ಮೀಟರ್ ಎತ್ತರದ ರಾಜ ಅಲ್ಲೇ ಇದ್ದಾನೆ, ಆದರೂ ಇಲ್ಲ. ಪಿಯುಸಿ ಓದುವ ನನ್ನ ಅಕ್ಕನ ಮಗಳು ಇದನ್ನೇ ಇಂಗ್ಲಿಷ್‌ನಲ್ಲಿ ಬರೆದಳು: ‘ವಿ ಸಾ ರಾಜ, ಬಟ್ ವಿ ಡಿಡ್ ನಾಟ್ ಸೀ.’ ಓದಿದವರಿಗೆ ತಲೆಬುಡ ಹತ್ತುವುದಿಲ್ಲ. ಆದರೆ ಅವಳ ತಲೆಯಲ್ಲಿದ್ದ ಕನ್ನಡ ಸರಿಯಾಗಿಯೇ ಇತ್ತು: ನೋಡಿದೆವು, ಕಾಣಲಿಲ್ಲ.

ಎಡವಿದ್ದು ‘ಸೀ ಅಂದರೆ ನೋಡು’ ಎಂಬ ಬಾಯಿಪಾಠದಲ್ಲಿ. ‘ಲುಕ್’ ಅಂದರೂ ನೋಡು, ‘ವಾಚ್’ ಅಂದರೂ ನೋಡು ಅಂತಲೇ ಕಲಿತಿರುತ್ತೇವೆ. ಬಿಡಿಸಿಕೊಳ್ಳುವ ದಾರಿ ನಮ್ಮ ಮನೆಮಾತಿನಲ್ಲೇ ಇದೆ.

ಮೊದಲ ಹೆಜ್ಜೆ, ಒಂಟಿ ಪದ ಬಿಟ್ಟು ಇಡೀ ವಾಕ್ಯವನ್ನು ಕನ್ನಡದಲ್ಲಿ ಬರೆಯಿರಿ. ಅದರಲ್ಲಿ ‘ನಾನು’ ಬರುತ್ತದೋ ‘ನನಗೆ’ ಬರುತ್ತದೋ ಗಮನಿಸಿ. ‘ನನಗೆ ಜಲಪಾತ ಕಂಡಿತು’ ಅಂದಾಗ ನಾನು ಏನೂ ಮಾಡಲಿಲ್ಲ, ಅದು ತಾನಾಗಿ ಕಣ್ಣಿಗೆ ಬಿತ್ತು. ಇದು ‘ಸೀ’. ‘ನಾನು ಆ ಕಡೆ ನೋಡಿದೆ’ ಅಂದರೆ ಬೇಕೆಂದೇ ಕಣ್ಣು ತಿರುಗಿಸಿದೆ. ಇದು ‘ಲುಕ್’. ತಾನಾಗಿ ಆಗುವ ಕೆಲಸವಾದ್ದರಿಂದಲೇ ‘ಐ ಆ್ಯಮ್ ಸೀಯಿಂಗ್ ದ ಫಾಲ್ಸ್’ ಅನ್ನುವುದು ಸರಿ ಬರುವುದಿಲ್ಲ, ‘ಐ ಕ್ಯಾನ್ ಸೀ’ ಅನ್ನಬೇಕು. ‘ಐ ಆ್ಯಮ್ ಸೀಯಿಂಗ್’ ಅಂತ ಹೇಳಿ ಮುಂದೆ ಯಾರದ್ದಾದರೂ ಹೆಸರು ಸೇರಿಸಿದರೆ ಪ್ರೀತಿಯ ವಿಷಯವಾಗಿಬಿಡುತ್ತದೆ, ಹುಷಾರು.

ಆಮೇಲೆ ಹೊತ್ತು ಅಳೆಯಿರಿ. ಬದಲಾಗುವ ವಸ್ತುವನ್ನು ಕಣ್ಣು ಕೀಳದೆ ನೋಡಿದರೆ ‘ವಾಚ್’. ಫೋಟೊಗೆ ‘ಲುಕ್ ಅಟ್’ ಸಾಕು, ಆಗುಂಬೆಯಲ್ಲಿ ಇಳಿಯುತ್ತಿರುವ ಸೂರ್ಯನಿಗೆ ‘ವಾಚ್’ ಬೇಕು. ಈ ಪದ ಹಳೆಯ ಇಂಗ್ಲಿಷ್‌ನಲ್ಲಿ ಎಚ್ಚರವಾಗಿರುವುದು ಎಂಬ ಅರ್ಥದಿಂದ ಬಂದದ್ದು, ‘ವೇಕ್’ ಇದರ ನೆಂಟ. ಹಂದಿ ಬರುತ್ತದೆಂದು ಗದ್ದೆಯ ಮಾಳದಲ್ಲಿ ರಾತ್ರಿಯಿಡೀ ಕೂರುತ್ತಾರಲ್ಲ, ಆ ‘ಕಾಯುವುದು’ ಇದಕ್ಕೆ ‘ನೋಡು’ವಿಗಿಂತ ಹತ್ತಿರ. ವಾಚ್‌ಮನ್ ಅನ್ನುವುದು ಸುಮ್ನೆ ಅಲ್ಲ.

ಮುಂದಿನ ಹೆಜ್ಜೆ ಸ್ವಲ್ಪ ಜಾರು. ಪದದ ಅಕ್ಕಪಕ್ಕ ಯಾರು ಬರುತ್ತಾರೆ ಅಂತ ಪಟ್ಟಿ ಮಾಡಿ. ‘ಸೀ ಎ ಡಾಕ್ಟರ್’ ಅಂದರೆ ಡಾಕ್ಟರನ್ನು ಕಂಡು ಬರುವುದು. ‘ಐ ಸೀ’ ಅಂದರೆ ಗೊತ್ತಾಯಿತು. ನಮ್ಮಲ್ಲೂ ಗೊತ್ತಿಲ್ಲ ಅನ್ನುವುದಕ್ಕೆ ಹಿರಿಯರು ‘ನಾ ಕಾಣೆ’ ಅನ್ನುವುದಿಲ್ಲವೇ? ‘ಲುಕ್ ಆಫ್ಟರ್’ ಅಂದರೆ ನೋಡಿಕೊಳ್ಳುವುದು. ಇಲ್ಲಿಯವರೆಗೆ ‘ಸೀ’ಗೆ ಕಾಣು, ‘ಲುಕ್‌’ಗೆ ನೋಡು ಅಂತ ಖುಷಿಯಾಗಿ ಹೊಂದುತ್ತದೆ. ಅಷ್ಟರಲ್ಲಿ ‘ಇಟ್ ಲುಕ್ಸ್ ಲೈಕ್ ರೈನ್’ ಬರುತ್ತದೆ. ಮಳೆ ಬರುವ ಹಾಗೆ ಕಾಣುತ್ತದೆ! ‘ಲುಕ್‌’ಗೆ ಕಾಣು ಬಂತು. ‘ಜೋಗ ನೋಡಿದ್ದೀರಾ?’ ಅನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ‘ಸೀನ್’ ಬೇಕು. ಟಾಕೀಸ್‌ಗೆ ಹೋಗಿ ಸಿನಿಮಾ ನೋಡಿದರೆ ಸಾಮಾನ್ಯವಾಗಿ ‘ಸೀ’, ಅದನ್ನೇ ಮನೆಯ ಟಿವಿಯಲ್ಲಿ ನೋಡಿದರೆ ‘ವಾಚ್’. ‘ತಿಂದು ನೋಡು’ವಿನಲ್ಲಿ ಕಣ್ಣಿಗೆ ಕೆಲಸವೇ ಇಲ್ಲ, ಅಲ್ಲಿ ‘ಟ್ರೈ’ ಅನ್ನಬೇಕು. ಇಂಥವನ್ನು ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಮಾಡಿ ಬರೆದಿಡಿ. ನನ್ನ ಪ್ರಕಾರ ಈ ಪುಟವೇ ಜಾಸ್ತಿ ಉಪಯೋಗಕ್ಕೆ ಬರುವುದು.

ನಿಘಂಟು ಕೊನೆಗೆ. ಒಂದೊಂದೇ ಅರ್ಥ ಕೊಡುವ ಪಾಕೆಟ್ ನಿಘಂಟು ಬೇಡ, ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್-ಇಂಗ್ಲಿಷ್ ನಿಘಂಟು ತೆಗೆಯಿರಿ. ನಿಮ್ಮ ವಾಕ್ಯದಂಥದ್ದೇ ಒಂದು ಅಲ್ಲಿ ಸಿಕ್ಕಿದರೆ ಗೆದ್ದಿರಿ.

ನಮ್ಮ ಹುಡುಗಿ ಈಗ ವಾಕ್ಯ ತಿದ್ದಿದ್ದಾಳೆ: ‘ವಿ ಲುಕ್ಡ್ ಅಂಡ್ ಲುಕ್ಡ್, ಬಟ್ ವಿ ಕುಡಂಟ್ ಸೀ ರಾಜ.’ ಜೊತೆಗೆ ಹೊಸ ತಕರಾರು ತಂದಿದ್ದಾಳೆ. ಮಂಜಿನೊಳಗಿಂದ ರೋರರ್ ಭೋರ್ಗರೆಯುವುದು ನಮಗೆ ಕೇಳಿಸಿತು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದೆವು. ಯಾವುದು ‘ಹಿಯರ್’, ಯಾವುದು ‘ಲಿಸನ್’? ‘ನಮಗೆ’ ಎಲ್ಲಿದೆ ಹುಡುಕು ಅಂದಿದ್ದೇನೆ.