ಎಳ್ಳ ಅಮಾವಾಸ್ಯೆಯಿಂದ ಎಳ್ಳ ಅಮಾವಾಸ್ಯೆಗೆ: ನನ್ನ 43 ಅಕ್ಷರ

2024ರ ಜನವರಿ 11, ಎಳ್ಳ ಅಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ (ಭೂಮಿತಾಯಿಗೆ ಎಡೆ ಚೆಲ್ಲೋದು) ಎಲ್ಲರೂ ಊಟಕ್ಕೆ ಕೂತಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ಕೆಳಗೆ ಹಾಸಿದ್ದರ ಮೇಲೆ ಕಣ್ಣು ಬಿತ್ತು. ಅದು ನನ್ನದೇ ಫ್ಲೆಕ್ಸ್. "ಹೊಸ ವರ್ಷ 2022: ನನ್ನ 14 ಗುರಿಗಳು". ಬಂಗಾರದ ಬಣ್ಣದ ಗ್ರೇಡಿಯಂಟ್, ಅದಕ್ಕೊಂದು ಡ್ರಾಪ್ ಶ್ಯಾಡೋ. ಅಂಗಡಿ ಗೋಡೆಯಿಂದ ಇಳಿದ ಮೇಲೆ ಎರಡು ವರ್ಷ ತೊಗರಿ ರಾಶಿ ಮುಚ್ಚಿತ್ತು. ಈಗ ನಾಲ್ಕನೇ ಗುರಿಯ ಮೇಲೆ ನಮ್ಮ ಕಾಕಾ ಕೂತಿದ್ದರು.

"ಇದರಾಗ ಒಂದರ ಆಯ್ತೇನೋ ತಮ್ಮಾ?" ಅಂತ ಕೇಳಿದರು.

ಒಂದೂ ಆಗಿರಲಿಲ್ಲ.

ನಾನು ಕಲಬುರಗಿಯಲ್ಲಿ ಹದಿನಾಲ್ಕು ವರ್ಷದಿಂದ ಡಿಸೈನ್ ಮಾಡುತ್ತಿದ್ದೇನೆ. ಸೂಪರ್ ಮಾರ್ಕೆಟ್ ಹತ್ತಿರ ಸಣ್ಣ ಅಂಗಡಿ. ಫ್ಲೆಕ್ಸ್, ಮದುವೆ ಕಾರ್ಡ್, ಬಿಲ್ ಬುಕ್, ಬೋರ್ಡು. ಹೊಸ ವರ್ಷದ ಗುರಿ ಇಡೋದರಲ್ಲಿ ನನಗಿಂತ ಅನುಭವಸ್ಥರು ಸಿಗಲಿಕ್ಕಿಲ್ಲ. 2021ರಲ್ಲಿ ದಿನಕ್ಕೊಂದು ಪೋಸ್ಟರ್ ಅಂತ ಶುರು ಮಾಡಿದೆ, ಹತ್ತೊಂಬತ್ತಕ್ಕೆ ನಿಂತಿತು. 2022ರದ್ದು ನಿಮಗೆ ಗೊತ್ತಾಯಿತಲ್ಲ. 2023ರಲ್ಲಿ ದುಡ್ಡು ಹಾಕಿದರೆ ಬುದ್ಧಿ ಬರುತ್ತೆ ಅಂತ ಒಂಬತ್ತು ಸಾವಿರದ ಆನ್‌ಲೈನ್ ಕೋರ್ಸು ತಗೊಂಡೆ. ಜೊತೆಗೆ ಐದೂವರೆ ಸಾವಿರದ ಪೆನ್ ಟ್ಯಾಬ್ಲೆಟ್. ಕೋರ್ಸಿನಲ್ಲಿ ಮೂರು ಪಾಠ ನೋಡಿದೆ. ಟ್ಯಾಬ್ಲೆಟ್ ಮೇಲೆ ಚಹಾ ಕಪ್ಪು ಇಡುತ್ತಿದ್ದೆ.

ಸೋಲಿಗೆ ಕಾರಣ ಸೋಮಾರಿತನ ಅಂತಲೇ ಅಂದುಕೊಂಡಿದ್ದೆ. ಅವತ್ತು ಬದುವಿನ ಮೇಲೆ ಕೂತು ಲೆಕ್ಕ ಹಾಕಿದಾಗ ಬೇರೆ ಹೊಳೆಯಿತು. ಜನವರಿ 1ಕ್ಕೆ ನಮ್ಮ ಕಸುಬಿನವರ ತಲೆಯೇ ಜಾಗದಲ್ಲಿ ಇರಲ್ಲ. ನವೆಂಬರ್, ಡಿಸೆಂಬರ್ ಪೂರ್ತಿ ಕ್ಯಾಲೆಂಡರ್ ಕೆಲಸ. ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತ್ ಅಂಗಡಿಯಿಂದ ಹಿಡಿದು ಔಷಧಿ ಅಂಗಡಿವರೆಗೆ ಎಲ್ಲರಿಗೂ ದೇವರ ಫೋಟೋ, ಕೆಳಗೆ ಫೋನ್ ನಂಬರ್. ಎಸ್.ಎಂ. ಪಂಡಿತ್ ಹುಟ್ಟಿದ ಊರು ಇದು. ಸಿನಿಮಾ ಪೋಸ್ಟರ್‌ಗೆ, ಕ್ಯಾಲೆಂಡರ್ ಚಿತ್ರಕ್ಕೆ ದೇಶವೇ ಅವರ ಹೆಸರು ಹೇಳುತ್ತಿತ್ತು. ಅದೇ ಊರಲ್ಲಿ ಕೂತು ನಾವು ಡೌನ್‌ಲೋಡ್ ಮಾಡಿದ ಲಕ್ಷ್ಮಿಯ ಹಿನ್ನೆಲೆ ಕತ್ತರಿಸುತ್ತೇವೆ, ಇರಲಿ. ಎರಡು ತಿಂಗಳು ರಾತ್ರಿ ಒಂದು ಗಂಟೆವರೆಗೆ ಇದನ್ನು ಮಾಡಿದವನು ಮರುದಿನ ಬೆಳಿಗ್ಗೆ ಎದ್ದು "ಈ ವರ್ಷ ಹೊಸದು ಮಾಡ್ತೀನಿ" ಅಂದರೆ ಆಗುತ್ತಾ? ಹಾಗಾಗಿ ನನ್ನ ವರ್ಷವನ್ನೇ ಸರಿಸಿದೆ. ಎಳ್ಳ ಅಮಾವಾಸ್ಯೆಯಿಂದ ಎಳ್ಳ ಅಮಾವಾಸ್ಯೆಗೆ. ಮುಂದಿನದು ಡಿಸೆಂಬರ್ 30ಕ್ಕೆ ಇತ್ತು. ಎಣಿಸಿದರೆ ಐವತ್ತು ವಾರ ಚಿಲ್ಲರೆ. ವರ್ಣಮಾಲೆಯಲ್ಲಿ ಅಕ್ಷರ 49. ನಮ್ಮೂರ ಶರಣಬಸವೇಶ್ವರ ಜಾತ್ರೆ ವಾರ ರಜೆ ಕೊಟ್ಟರೆ ಸರಿಯಾಗಿ ಕೂತಿತು.

ಗುರಿ ಒಂದೇ. ವಾರಕ್ಕೊಂದು ಅಕ್ಷರ, ನನ್ನ ಕೈಯಾರೆ ಬರೆದದ್ದು. ಬೋರ್ಡಿಗೆ ಬರೆಯುವಂಥ ದಪ್ಪ ಅಕ್ಷರ.

ಮಂಗಳವಾರ ಬೆಳಿಗ್ಗೆ ಕೂತೆ. ಮಂಗಳವಾರ ಮದುವೆ ಕಾರ್ಡಿನ ಗಿರಾಕಿ ಬರುವುದು ಕಡಿಮೆ, ಅದಕ್ಕೇ. ಮೊದಲು ಖಾತೆ ಪುಸ್ತಕದ ಹಾಳೆಯಲ್ಲಿ ಪೆನ್ಸಿಲ್, ಆಮೇಲೆ ಸ್ಕ್ಯಾನ್, ಆಮೇಲೆ ಕೋರಲ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ನೋಡ್ ಹಾಕೋದು, ಅಂದರೆ ಗೆರೆ ಬಾಗುವ ಕಡೆ ಚುಕ್ಕೆ ಇಡೋದು. ಗೆರೆಯನ್ನು ತಾನೇ ಎಳೆದು ಕೊಡುವ ಟ್ರೇಸ್ ಬಟನ್ ಒತ್ತಬಾರದು. ಒತ್ತಿದರೆ ಒಂದು ಸೊನ್ನೆಗೆ ನೂರಿಪ್ಪತ್ತು ನೋಡ್, ಗೆರೆಯೆಲ್ಲಾ ಅಂಕುಡೊಂಕು. ವಾರ ತಪ್ಪಿದರೆ 200 ರೂಪಾಯಿ ದಂಡ. ಡಬ್ಬಿ ಹೆಂಡತಿ ಕೈಯಲ್ಲಿ.

ಪಕ್ಕದ ಅಂಗಡಿಯವರು ನೋಡಿ ನಕ್ಕರು, ಕಂಪ್ಯೂಟರಿನ ರೆಡಿ ಕನ್ನಡ ಫಾಂಟುಗಳ ಹೆಸರು ಹೇಳಿ. "ನಿನಗ ಹುಚ್ಚ ಹಿಡ್ದದೇನು? ನುಡಿ ಅದ, ಶ್ರೀಲಿಪಿ ಅದ. ಎಲ್ಲಾ ರೆಡಿ ಇದ್ದಾಗ ನೀ ಯಾಕ ಬರೀತಿ?" ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದರೆ ಅವನು ಇನ್ನೂ ಮುಂದೆ ಹೋದ. ಅಕ್ಷರ ಮಾಡಿ ಹೊಟ್ಟೆ ತುಂಬುತ್ತಾ, ಆಪ್ ಡಿಸೈನ್ ಕಲಿ ಅಂದ. ಇಬ್ಬರಿಗೂ ಈಗ ಈ ಬರಹ ಕಳಿಸುತ್ತೇನೆ.

ಮೊದಲ ತಪ್ಪು ಮೊದಲ ವಾರವೇ ಆಯಿತು. ಅ ಇಂದ ಶುರು ಮಾಡಿದೆ. ಅ, ಆ, ಇ ಮುಗಿಸಿದೆ. ಮೂರು ವಾರ ಕಳೆದರೂ ಕೈಯಲ್ಲಿ ಬರೆಯಬಹುದಾದ ಒಂದು ಪದ ಇಲ್ಲ. ಮಾರುವುದು ಏನನ್ನ? ಬೇಸರದಲ್ಲಿ ಸುಮ್ನೆ ಜಗತ್ ಸರ್ಕಲ್‌ವರೆಗೆ ನಡೆದುಕೊಂಡು ಹೋದೆ, ಬೋರ್ಡು ಓದುತ್ತಾ. ಶ್ರೀ ಶರಣಬಸವೇಶ್ವರ ಕಿರಾಣಿ, ಶರಣಬಸವೇಶ್ವರ ಖಾನಾವಳಿ, ಶರಣಬಸವೇಶ್ವರ ಮೊಬೈಲ್. ನಮ್ಮೂರಲ್ಲಿ ಈ ಹೆಸರು ಇಲ್ಲದ ಓಣಿ ಯಾವುದಿದೆ? ಬಿಡಿಸಿ ನೋಡಿದರೆ ಶ, ರ, ಣ, ಬ, ಸ, ವ. ಆರೇ ಅಕ್ಷರ, ಜೊತೆಗೆ ಎರಡು ಒತ್ತು, ಒಂದೆರಡು ಗುಣಿತ. ಅವತ್ತಿಂದ ವರ್ಣಮಾಲೆಯ ಸಾಲು ಬಿಟ್ಟು ಬೋರ್ಡಿನ ಸಾಲು ಹಿಡಿದೆ. ಮಾರ್ಚಿನಲ್ಲಿ ಆರನೆಯದು ಮುಗಿಯಿತು. ಮೊದಲ ಬೋರ್ಡು ಒಬ್ಬ ಹೂವಿನ ಅಂಗಡಿಯವರದ್ದು. ಅಕ್ಷರಕ್ಕೆ ಅಂತ ಬೇರೆ 300 ರೂಪಾಯಿ ಕೇಳಿದೆ. ಚೌಕಾಸಿ ಮಾಡಿ 250 ಕೊಟ್ಟರು.

ಅದೃಷ್ಟವೂ ಇತ್ತು, ಸುಳ್ಳು ಯಾಕೆ ಹೇಳಲಿ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಅನ್ನುವ ಕಾನೂನು ಅದೇ ವರ್ಷ ಬಂತು. ನಮ್ಮ ಊರಲ್ಲಿ ಇಂಗ್ಲಿಷು, ಉರ್ದು, ಕನ್ನಡ ಮೂರೂ ಒಂದೇ ಬೋರ್ಡಿನಲ್ಲಿ ಇರುತ್ತವೆ. ಕನ್ನಡ ಮೂಲೆಯಲ್ಲಿ ಇರುವೆ ಸಾಲಿನಂತೆ ಇರುತ್ತಿತ್ತು. ಈಗ ದೊಡ್ಡದು ಮಾಡಬೇಕಾಯಿತು. ದೊಡ್ಡದು ಮಾಡಿದಾಗ ಗೊತ್ತಾಗುತ್ತೆ ನೋಡಿ, ಕಾರ್ಡಿಗೆ ಮಾಡಿದ ಫಾಂಟನ್ನು ಹತ್ತು ಅಡಿಗೆ ಎಳೆದರೆ ಎಷ್ಟು ಸಪ್ಪೆ ಅಂತ. ನನ್ನ ಅಕ್ಷರದ ತಲೆಕಟ್ಟು ದೂರಕ್ಕೂ ನಿಲ್ಲುತ್ತೆ. ಹೊಟ್ಟೆಗೆ ತಲೆಕಟ್ಟಿನ ಅಳತೆ ಎಷ್ಟು ಇಟ್ಟಿದ್ದೀನಿ ಅಂತ ಇಬ್ಬರು ಕೇಳಿದರು. ಅದನ್ನು ಇಲ್ಲೂ ಹೇಳಲ್ಲ. ಆ ಅಳತೆ ಸಿಗೋಕೆ ಹನ್ನೊಂದು ಬೋರ್ಡು ಹಾಳಾಗಿವೆ.

ಏಪ್ರಿಲ್‌ನಲ್ಲಿ ಬಿದ್ದೆ. ಲೋಕಸಭೆ ಚುನಾವಣೆ, ನಮ್ಮಲ್ಲಿ ಮೇ 7ಕ್ಕೆ ಮತದಾನ. ಕರಪತ್ರದ ಮೇಲೆ ಕರಪತ್ರ. ಸತತ ನಾಲ್ಕು ವಾರ ದಂಡ. ಮೇಲೆ ನಲವತ್ತೆರಡು ಡಿಗ್ರಿ ಬಿಸಿಲು, ಮಧ್ಯಾಹ್ನ ಕರೆಂಟ್ ಇಲ್ಲ. 2022ರ ನಾನಾಗಿದ್ದರೆ ಅಲ್ಲಿಗೇ ಮುಗೀತಿತ್ತು. ಈ ಸಲ ಉಳಿಸಿದ್ದು ಪಂಚಾಂಗ. ಆ ವರ್ಷ ಮೇ, ಜೂನ್‌ನಲ್ಲಿ ಶುಕ್ರ ಅಸ್ತ ಅಂತ ಮದುವೆ ಮುಹೂರ್ತ ಕಡಿಮೆ. ಅದಾದ ಕೂಡಲೇ ಆಷಾಢ. ಕಾರ್ಡಿನ ದುಡ್ಡು ಹೋಯಿತು, ಅಂದಾಜು ಮೂವತ್ತು ಸಾವಿರ. ಆದರೆ ಬೆಳಿಗ್ಗೆಗಳು ನನ್ನವಾದವು. ತಪ್ಪಿದ ನಾಲ್ಕರಲ್ಲಿ ಮೂರು ಅಕ್ಷರ ತುಂಬಿದೆ, ಕಷ್ಟದವನ್ನೂ ಅಲ್ಲೇ ಮಾಡಿದೆ. ಈಗ ನನ್ನ ಗೋಡೆಯಲ್ಲಿ ಗುರಿಯ ಪಟ್ಟಿ ಇಲ್ಲ, ಪಂಚಾಂಗ ಇದೆ. ಮುಹೂರ್ತ ಜಾಸ್ತಿ ಇರುವ ತಿಂಗಳಿಗೆ ಗ, ಪ, ದ ಥರ ಸುಲಭದ್ದು. ಆಷಾಢಕ್ಕೆ ಹ, ಳ ಥರ ಕಷ್ಟದ್ದು.

ಆಷಾಢದಲ್ಲಿ ತಲೆ ಬೇರೆ ಕಡೆಗೂ ಓಡಿತು. ಬೀದರಿಗೆ ಹೋಗಿ ಬಿದ್ರಿ ಕೆಲಸ ನೋಡಿಕೊಂಡು ಬಂದೆ. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆ ಮಣ್ಣಿನಲ್ಲಿ ಕಪ್ಪು ಮಾಡುತ್ತಾರಲ್ಲ, ಆ ಕಪ್ಪು ಕಣ್ಣಿಂದ ಹೋಗಲೇ ಇಲ್ಲ. ಕಪ್ಪು ಕಾಗದಕ್ಕೆ ಬೆಳ್ಳಿ ಶಾಯಿಯಲ್ಲಿ ನನ್ನ ಅಕ್ಷರ ಸ್ಕ್ರೀನ್ ಪ್ರಿಂಟ್ ಮಾಡಿ ಮದುವೆ ಕಾರ್ಡ್ ಮಾಡಿದೆ. ಹೇಳಬಾರದು, ನಾನು ಮಾಡಿದ್ದರಲ್ಲೇ ಚೆಂದದ ಕಾರ್ಡ್ ಅದು. ಗಿರಾಕಿ ಮನೆಯ ಅಜ್ಜಿ ಒಂದು ಸಲ ನೋಡಿ, "ಕರೀ ಚೀಟಿ ಯಾರ ಮನಿಗಿ ಕೊಡ್ತೀರೋ ಯಪ್ಪಾ" ಅಂದರು. ಮುನ್ನೂರು ಕಾರ್ಡು, ನಾಲ್ಕೂವರೆ ಸಾವಿರ, ಎಲ್ಲಾ ನನ್ನ ತಲೆ ಮೇಲೆ. ಈಗಲೂ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತೇನೆ, ಬಿಳಿ ಪೆನ್ನಿನಲ್ಲಿ.

ಸನ್ನತಿಗೂ ಹೋಗಿದ್ದೆ, ಕನಗನಹಳ್ಳಿ ಸ್ತೂಪಕ್ಕೆ. "ರಾಯೋ ಅಸೋಕೋ" (ರಾಜ ಅಶೋಕ) ಅಂತ ಹಳೆಯ ಬ್ರಾಹ್ಮಿ ಲಿಪಿಯಲ್ಲಿ ಬರೆದ ಕಲ್ಲು ಸಿಕ್ಕ ಜಾಗ. ಆ ಲಿಪಿಗೆ ತಲೆಕಟ್ಟೇ ಇಲ್ಲ. ಒಂದು ಗೀಟು, ಒಂದು ಬಾಗು, ಮುಗೀತು. ವಾಪಸ್ ಬಂದು ನನ್ನ ರ ತೆಗೆದು ಅರ್ಧ ನೋಡ್ ಅಳಿಸಿದೆ. ಆ ರ ಈಗ ಎಲ್ಲಾ ಕಡೆ ಓಡುತ್ತಿದೆ.

ಇನ್ನೊಂದು ಮರೆಯಲಾರದ್ದು ಝ. ಯಾರಿಗೆ ಬೇಕು ಝ ಅಂತ ಕೊನೆಗೆ ತಳ್ಳಿದ್ದೆ. ಆಗಸ್ಟಿನಲ್ಲಿ ಮಿನಿ ವಿಧಾನಸೌಧದ ಕಡೆಯಿಂದ ಒಬ್ಬರು ಬಂದರು. "ಅಣ್ಣಾ, ಬೋರ್ಡ್ ಬರೀಬೇಕು." ಏನಂತ? "ಝೆರಾಕ್ಸ್." ಎರಡು ದಿನ ಸಮಯ ಕೇಳಿದೆ. ಆಮೇಲೆ ಅದೇ ಸಾಲಿನಲ್ಲಿ ಮತ್ತೆ ಮೂವರು ಬಂದರು. ಒಂದೊಂದೇ ಅಕ್ಷರದ ಲೆಕ್ಕ ತೆಗೆದರೆ ಅತಿ ಹೆಚ್ಚು ದುಡಿದದ್ದು ನನ್ನ ಝ.

ಕಳ್ಳತನವೂ ಆಯಿತು. ಒಂದು ಅಂಗಡಿಯವರು ನನ್ನ ಪಿಡಿಎಫ್ ತೆರೆದು ಶರಣಬಸವೇಶ್ವರ ಪೂರ್ತಿ ಎತ್ತಿಕೊಂಡು ತಮ್ಮ ಗಿರಾಕಿಗೆ ಹಾಕಿದರು. ಹೋಗಿ ನೋಡಿದ ಕೂಡಲೇ ಹಿಡಿದೆ. ಆಮೇಲಿಂದ ಒಂದು ಅಕ್ಷರದಲ್ಲಿ ಸಣ್ಣ ಗುರುತು ಇಟ್ಟಿದ್ದೇನೆ. ಯಾವ ಅಕ್ಷರ ಅಂತ ಕೇಳಬೇಡಿ.

ನವೆಂಬರ್ ಬಂತು, ಕ್ಯಾಲೆಂಡರ್ ಬಂತು, ಮತ್ತೆ ಐದು ವಾರ ದಂಡ. ಒಟ್ಟು ಒಂಬತ್ತು ದಂಡ, 1,800 ರೂಪಾಯಿ. ಡಬ್ಬಿ ಒಡೆದು ಮನೆಯವರೆಲ್ಲಾ ಸುಸಲಾ ಮಿರ್ಚಿ ತಿಂದೆವು, ಉಳಿದದ್ದು ಎಲ್ಲಿ ಹೋಯಿತೋ ಹೆಂಡತಿಗೇ ಗೊತ್ತು. ಡಿಸೆಂಬರ್ 30ಕ್ಕೆ ಅಕ್ಷರ 43. ಙ, ಞ, ಋ, ಔ, ಢ, ಅಃ ಉಳಿದವು. ಕಾಗದ, ಓಡಾಟ, ಆ ಕರೀ ಕಾರ್ಡು ಎಲ್ಲಾ ಸೇರಿ ಖರ್ಚು ಏಳೆಂಟು ಸಾವಿರ. ಅಕ್ಷರದ ಹೆಸರಲ್ಲೇ ಬಂದದ್ದು ನಲವತ್ತೆರಡು, ನಲವತ್ಮೂರು ಸಾವಿರ. ಅದರಲ್ಲಿ ಹನ್ನೆರಡು ಸಾವಿರ ಒಂದೇ ತೊಗರಿ ಬೇಳೆ ಪ್ಯಾಕೆಟ್ಟಿಂದ. 2019ರಲ್ಲಿ ನಮ್ಮ ತೊಗರಿಗೆ ಜಿಐ (ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತು) ಸಿಕ್ಕ ಮೇಲೆ ಪ್ಯಾಕೆಟ್ ಮೇಲೆ ಊರ ಹೆಸರು ದೊಡ್ಡದಾಗಿ ಬೇಕು ಅನ್ನುವವರು ಹೆಚ್ಚಾಗಿದ್ದಾರೆ. 250ಕ್ಕೆ ಚೌಕಾಸಿ ಮಾಡಿಸಿಕೊಂಡವನು ಈಗ ಒಂದು ಹೆಸರಿಗೆ 1,500ರಿಂದ ಶುರು ಮಾಡುತ್ತೇನೆ. ನಕ್ಕ ಪಕ್ಕದ ಅಂಗಡಿಯವರೇ ಈಗ ಗಿರಾಕಿ ಕಳಿಸುತ್ತಾರೆ, ನೂರಿನ್ನೂರು ಕಮಿಷನ್ ತಗೊಂಡು.

ಒಂದು ದೊಡ್ಡ ದಡ್ಡತನ ಒಪ್ಪಿಕೊಳ್ಳಬೇಕು. 49 ಅಂತ ಎಣಿಸಿದಾಗ ಒತ್ತಕ್ಷರ ಮರೆತೇಬಿಟ್ಟಿದ್ದೆ. ಕನ್ನಡದವನಾಗಿ! ಬೋರ್ಡು ಬಂದಾಗ ಬಂದಾಗ ಆ ಒತ್ತನ್ನು ರಾತ್ರೋರಾತ್ರಿ ಮಾಡಿ ಅಂಟಿಸಿದ್ದೇನೆ. ಒಂದಕ್ಕೊಂದು ಅಳತೆ ಕೂಡಲ್ಲ. ಹಾಗಾಗಿ ಈ ವರ್ಷದ್ದು ಒತ್ತುಗಳು, 34. ಜೊತೆಗೆ ಉಳಿದ ಆರು.

ಮೊನ್ನೆ ಟ್ಯೂಷನ್ ನಡೆಸುವ ಮೇಡಂ ಒಬ್ಬರು ಬಂದು ಹೋದರು. ಹೆಸರಲ್ಲಿ "ಜ್ಞಾನ" ಇದೆ. ಅಡ್ವಾನ್ಸ್ 500 ಕೊಟ್ಟಿದ್ದಾರೆ, ಮಂಗಳವಾರ ಬರುತ್ತಾರೆ. ಞ ಒತ್ತು ಏಳನೇ ಹಾಳೆಯಲ್ಲೂ ಸರಿ ಕೂತಿಲ್ಲ. ಜ ಕೆಳಗೆ ಇಟ್ಟರೆ ಹೊಟ್ಟೆ ಬಂದಂತೆ ಕಾಣುತ್ತೆ.